ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಮಿಂಟ್: ಶಿರಸಿಯ ಡಿಟಿಪಿ ಅಂಗಡಿಯಿಂದ ದೀರ್ಘ ಬಳಕೆಯ ವಿಮರ್ಶೆ

ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಮಾಡಿಕೊಂಡರೆ ಎಷ್ಟು ದಿನ ತಾಳುತ್ತದೆ ಅಂತ ಅಂಗಡಿಗೆ ಬರುವವರು ಕೇಳುತ್ತಿರುತ್ತಾರೆ. ಡಿಸ್ಕ್ ಹಂಚುವಾಗ ಜಾಗದ ಲೆಕ್ಕ ಸರಿಯಾಗಿದ್ದರೆ ಲ್ಯಾಪ್‌ಟಾಪ್ ಇರುವಷ್ಟು ದಿನ ತಾಳುತ್ತದೆ. ಲೆಕ್ಕ ತಪ್ಪಿದರೆ ಆರು ತಿಂಗಳಲ್ಲಿ ಯಾವುದಾದರೂ ಒಂದು ಕಡೆ ಉಸಿರು ಕಟ್ಟುತ್ತದೆ. ಯಾವ ಲಿನಕ್ಸ್ ಹಾಕಲಿ ಎನ್ನುವ ಚರ್ಚೆಯೇ ಎಲ್ಲ ಕಡೆ ಜಾಸ್ತಿ. ದಿನನಿತ್ಯದ ಅನುಭವವನ್ನು ನಿಜವಾಗಿ ತೀರ್ಮಾನಿಸುವುದು ಪಾರ್ಟಿಷನ್, ಅಂದರೆ ಡಿಸ್ಕನ್ನು ಭಾಗ ಮಾಡುವ ರೀತಿ.

ನನ್ನದು 512 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್. ವಿಂಡೋಸ್ 11 ಅದರ ಜೊತೆಗೇ ಬಂದಿತ್ತು. 2022ರಲ್ಲಿ ಪಕ್ಕದಲ್ಲಿ ಲಿನಕ್ಸ್ ಮಿಂಟ್ 21 ಹಾಕಿದೆ, ಈಗ 22ರಲ್ಲಿದ್ದೇನೆ. ಅಂಗಡಿ ದೇವಿಕೆರೆಯ ಹತ್ತಿರ. ಮದುವೆ, ಉಪನಯನದ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇದೇ ಕೆಲಸ. ಮಾರಿಕಾಂಬಾ ಜಾತ್ರೆ ಬರುವ ವರ್ಷ ಬ್ಯಾನರ್ ಕೆಲಸಕ್ಕೆ ರಾತ್ರಿ ಹಗಲು ಇರುವುದಿಲ್ಲ.

ಎರಡು ಯಾಕೆ ಬೇಕು? ಕೋರೆಲ್ ಡ್ರಾ ಮತ್ತು ಟ್ಯಾಲಿ ವಿಂಡೋಸ್ ಬಿಟ್ಟು ಬರುವುದಿಲ್ಲ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶವೂ ಅಷ್ಟೇ. ಕಚೇರಿಗಳಿಂದ ಪೆನ್ ಡ್ರೈವಿನಲ್ಲಿ ಬರುವ ಎಷ್ಟೋ ಫೈಲುಗಳು ಇವತ್ತಿಗೂ ಹಳೆಯ ನುಡಿ ಫಾಂಟಿನವು. ಎಲ್ಲ ಯಂತ್ರದಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಆ ಫಾಂಟುಗಳನ್ನು ಮಿಂಟ್‌ಗೆ ಹಾಕಿಕೊಂಡರೆ ಲಿಬ್ರೆ ಆಫೀಸಿನಲ್ಲಿ ಓದಲು ಬರುತ್ತದೆ. ಆದರೆ ಅದೇ ಫೈಲಿನಲ್ಲಿ ತಿದ್ದಿ ಟೈಪ್ ಮಾಡಲು ನುಡಿಯೇ ಬೇಕು. ಉಳಿದದ್ದೆಲ್ಲ ಮಿಂಟ್‌ನಲ್ಲಿ: ಇಂಟರ್ನೆಟ್, ಮೇಲ್, ಪಿಡಿಎಫ್ ಜೋಡಿಸುವುದು, ಗಿಂಪ್‌ನಲ್ಲಿ ಹಳೆ ಫೋಟೋ ಸರಿಮಾಡುವುದು, ಯೂನಿಕೋಡ್ ಕನ್ನಡದ ಬರವಣಿಗೆ. ಕನ್ನಡ ಟೈಪಿಂಗ್ ಬಗ್ಗೆ ಹೆದರಿಕೆ ಬೇಡ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಎಲ್ಲರ ಪೆನ್ ಡ್ರೈವ್ ಚುಚ್ಚುವ ಅಂಗಡಿ ನಮ್ಮದು. ಮೊದಲು ಮಿಂಟ್‌ನಲ್ಲಿ ತೆರೆದು ನೋಡುವ ಅಭ್ಯಾಸದಿಂದ ವಿಂಡೋಸ್ ವೈರಸ್‌ಗಳ ಕಾಟ ತುಂಬಾ ಕಡಿಮೆಯಾಗಿದೆ. ನನಗೆ ಇದೊಂದೇ ಲಾಭ ಸಾಕು ಅನಿಸುತ್ತದೆ.

ಇನ್ನು ಹಂಚಿಕೆಯ ವಿಷಯ. 512 ಎಂದು ಬರೆದ ಡಿಸ್ಕನ್ನು ವಿಂಡೋಸ್ 476 ಜಿಬಿ ಎಂದು ತೋರಿಸುತ್ತದೆ. ಮೋಸವಲ್ಲ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಸಿ ಡ್ರೈವನ್ನು ಸಣ್ಣದು ಮಾಡುವ ಕೆಲಸ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಆಗಬೇಕು. ಅದರ ಫೈಲುಗಳನ್ನು ಅದೇ ಸರಿಸಿಕೊಳ್ಳಲಿ. ಆದರೆ ಅಲ್ಲೊಂದು ತೊಡಕು. ಡಿಸ್ಕ್ ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೂ ‘ಇಷ್ಟೇ ಕೊಡುತ್ತೇನೆ’ ಎಂದು ಸಣ್ಣ ಅಂಕಿ ತೋರಿಸುತ್ತದೆ. ಸರಿಸಲಾಗದ ಕೆಲವು ಫೈಲು ಮಧ್ಯದಲ್ಲಿ ಕೂತಿರುತ್ತವೆ: ಪೇಜ್ ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು. ಆ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಕೊಟ್ಟ ಮೇಲೆ ನನಗೆ ಬೇಕಾದಷ್ಟು ಬಿಟ್ಟುಕೊಟ್ಟಿತು. ಅಲ್ಲಿ ಅಂಕಿಯನ್ನು ಎಂಬಿಯಲ್ಲಿ ಕೊಡಬೇಕು. 280 ಜಿಬಿ ಬೇಕಾದರೆ 286720. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರುವವರು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಅಡಾಪ್ಟರ್ ಹಾಕಿಯೇ ಕೂರಿ. ನಮ್ಮ ಕಡೆ ಗಾಳಿ ಎದ್ದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆಷಾಢದ ಮಳೆಯಲ್ಲಿ ಪಾರ್ಟಿಷನ್ ಮುಟ್ಟಲೇಬಾರದು. ಬ್ಯಾಕಪ್ ಇಲ್ಲದೆ ಯಾವ ಕಾಲದಲ್ಲೂ ಮುಟ್ಟಬಾರದು.

ಬಿಡುಗಡೆಯಾದ 280ರಲ್ಲಿ ಮಿಂಟ್‌ನ ರೂಟ್‌ಗೆ (ಸಿಸ್ಟಮ್ ಕೂರುವ ಜಾಗ) 50, ಹೋಮ್‌ಗೆ (ನನ್ನ ಕಡತ, ಸೆಟ್ಟಿಂಗ್‌ಗಳ ಜಾಗ) 80, ಎರಡೂ ಕಡೆಯಿಂದ ಕಾಣುವ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಪದ್ಧತಿ) ಪಾರ್ಟಿಷನ್‌ಗೆ 150. ರ‍್ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆ ಪ್ರತ್ಯೇಕ ಪಾರ್ಟಿಷನ್ ಬೇಕಿಲ್ಲ, ಮಿಂಟ್ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಡಿಸ್ಕ್ ಹಂಚುವ ಹಳೆ ಎಂಬಿಆರ್ ಪದ್ಧತಿಯಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್ ಆದರೆ ಮುಗಿಯಿತು. ಈಗಿನ ಜಿಪಿಟಿಯಲ್ಲಿ ವಿಂಡೋಸ್ 128ರವರೆಗೆ ಒಪ್ಪುತ್ತದೆ, ಹಾಗಾಗಿ ಸಂಖ್ಯೆಯ ಚಿಂತೆ ಇಲ್ಲ. ಡಿಸ್ಕಿನ ಮೊದಲಿಗೆ ಇರುವ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ ಇದೆಯಲ್ಲ, ಅದನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ. ಎರಡೂ ಸಿಸ್ಟಮ್‌ಗಳನ್ನು ಎಬ್ಬಿಸುವ ಬೂಟ್‌ಲೋಡರ್ ಅಲ್ಲೇ ಇರುತ್ತದೆ.

ಆ 150 ಜಿಬಿಯೇ ಇಡೀ ವ್ಯವಸ್ಥೆಯ ಜೀವ. ಹಿಸೆಯಾದ ಮನೆಯಲ್ಲೂ ಅಡಿಕೆ ಒಣಗಿಸುವ ಅಂಗಳ ಒಂದೇ ಇರುವಂತೆ ಇದು. ಗಿರಾಕಿಗಳ ಕಡತ, ಫೋಟೋ, ಪ್ರಿಂಟಿಗೆ ಹೋಗುವ ಪಿಡಿಎಫ್ ಎಲ್ಲ ಅಲ್ಲಿ. ಆದರೆ ಅದು ಸುಗಮವಾಗಿ ನಡೆಯಲು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಆಗಿರಲೇಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಆಗ ಮಿಂಟ್ ಆ ಪಾರ್ಟಿಷನ್ನನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಬಿಡದಿರುವುದೇ ಸರಿ, ಬರೆದರೆ ಫೈಲು ಕೆಡುವ ಅಪಾಯವಿದೆ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಈ ಸೆಟ್ಟಿಂಗ್ ಮತ್ತೆ ಆನ್ ಆಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಫೈಲಿನ ಹೆಸರಿನ ಬಗ್ಗೆಯೂ ಒಂದು ಮಾತು. ಮಿಂಟ್‌ನಲ್ಲಿ ಹೆಸರಿನ ಮಧ್ಯೆ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಎಲ್ಲ ನಡೆಯುತ್ತದೆ. ‘ಉಪನಯನ: ಹಿಂದಿನ ಪುಟ’ ಎಂದು ಅಲ್ಲಿ ಉಳಿಸಿದ ಫೈಲು ವಿಂಡೋಸಿನಲ್ಲಿ ಕಣ್ಣಿಗೆ ಕಂಡರೂ ತೆರೆಯುವುದಿಲ್ಲ. ಹಂಚಿಕೊಂಡ ಪಾರ್ಟಿಷನ್ನಿನಲ್ಲಿ ಹೆಸರು ಸರಳವಾಗಿರಲಿ.

ಗಡಿಯಾರದ ಗೊಂದಲ ಎಲ್ಲರಿಗೂ ಬರುತ್ತದೆ. ಮಿಂಟ್‌ನಿಂದ ವಿಂಡೋಸಿಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದೆ. ಯಂತ್ರದ ಒಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಎಂದು ತಿಳಿಯುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ತಿಳಿಯುತ್ತದೆ. ಮಿಂಟ್‌ಗೆ ಒಂದೇ ಒಂದು ಕಮಾಂಡ್ ಕೊಟ್ಟು ಸ್ಥಳೀಯ ಸಮಯಕ್ಕೆ ಬದಲಿಸಿದರೆ ಆಯ್ತು.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಹೊಸ ಲ್ಯಾಪ್‌ಟಾಪ್ ತಂದಿದ್ದ. ಮಿಂಟ್ ಹಾಕಲು ಅಂತ ಬಯಾಸಿನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆ ಬದಲಿಸಿದ್ದಾನೆ. ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ‘ಮಾವಾ, ಎಲ್ಲ ಹೋತಲ್ಲ!’ ಅಂತ ಫೋನ್. ಏನೂ ಹೋಗಿರಲಿಲ್ಲ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಮೊದಲೇ ಆನ್ ಇರುತ್ತದೆ, ಬೂಟ್ ಸೆಟ್ಟಿಂಗ್ ಬದಲಾದರೆ ಕೀ ಕೇಳುತ್ತದೆ. ಅವನ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆದಾಗ ಕೀ ಸಿಕ್ಕಿತು. ಅವನು ಓದಿದ, ನಾನು ಒತ್ತಿದೆ, ವಿಂಡೋಸ್ ಎದ್ದಿತು. ಕೆಲಸ ಶುರು ಮಾಡುವ ಮೊದಲೇ ಆ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಇಲ್ಲವೇ ಎನ್‌ಕ್ರಿಪ್ಷನ್ ತೆಗೆದು ಮುಂದುವರಿಯಿರಿ. ಅಂದ ಹಾಗೆ ಮಿಂಟ್‌ಗಾಗಿ ಸೆಕ್ಯೂರ್ ಬೂಟ್ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಅಪ್‌ಡೇಟ್‌ಗಳು ಡ್ಯುಯಲ್ ಬೂಟ್ ಕೆಡಿಸುತ್ತವೆ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು ತಡೆದು ಹಲವರ ಲಿನಕ್ಸ್ ಏಳದಂತೆ ಮಾಡಿತ್ತು. ಎರಡೂ ಕಡೆ ಅಪ್‌ಡೇಟ್ ಬಾಕಿ ಉಳಿಸದಿರುವುದು, ಡಿಸ್ಕ್ ಮುಟ್ಟದೆ ನೇರ ಎಬ್ಬಿಸಬಹುದಾದ ಮಿಂಟ್‌ನ ಲೈವ್ ಪೆನ್ ಡ್ರೈವ್ ಒಂದನ್ನು ಡ್ರಾಯರಿನಲ್ಲಿ ಇಟ್ಟಿರುವುದು, ಇವೆರಡೇ ನನ್ನ ಕಾಳಜಿ. ಮೆನುವಿನಲ್ಲಿ ವಿಂಡೋಸ್ ಮೊದಲು ಬಂದು ಕೂತರೂ ಬಯಾಸಿನಲ್ಲಿ ಬೂಟ್ ಕ್ರಮ ತಿರುಗಿಸಿದರೆ ಮುಗಿಯುತ್ತದೆ.

‘ಎರಡು ಹಾಕಿದ್ರೆ ಸ್ಲೋ ಆಗೋದಿಲ್ವಾ?’ ಅಂತ ಕೇಳುತ್ತಾರೆ. ಆಗುವುದಿಲ್ಲ. ಒಮ್ಮೆಗೆ ನಡೆಯುವುದು ಒಂದೇ. ಇನ್ನೊಂದು ಡಿಸ್ಕಿನಲ್ಲಿ ಸುಮ್ನೆ ಮಲಗಿರುತ್ತದೆ. ನಿಜವಾದ ಕಿರಿಕಿರಿ ರೀಸ್ಟಾರ್ಟ್. ಗಿರಾಕಿ ಎದುರಿಗೆ ನಿಂತಿರುವಾಗ ಟ್ಯಾಲಿಯ ಒಂದು ಬಿಲ್‌ಗಾಗಿ ತೆರೆದ ಕೆಲಸವನ್ನೆಲ್ಲ ಮುಚ್ಚಬೇಕು. ಅದಕ್ಕೆ ಬೆಳಿಗ್ಗೆ ವಿಂಡೋಸ್, ಮಧ್ಯಾಹ್ನದ ಮೇಲೆ ಮಿಂಟ್ ಎಂದು ಕೆಲಸವನ್ನೇ ಹಂಚಿಕೊಂಡಿದ್ದೇನೆ. ದಿನಕ್ಕೆ ಹತ್ತು ನಿಮಿಷ ಮಾತ್ರ ವಿಂಡೋಸ್ ಬೇಕು ಎನ್ನುವವರಿಗೆ, 16 ಜಿಬಿ ರ‍್ಯಾಮ್ ಇದ್ದರೆ, ಮಿಂಟ್ ಒಳಗೇ ವರ್ಚುವಲ್ ಯಂತ್ರ ಮಾಡಿಕೊಂಡು ವಿಂಡೋಸನ್ನು ಅದರಲ್ಲಿ ನಡೆಸುವುದು ಒಳ್ಳೆಯದು.

ಹೋಮ್ ಬೇರೆ ಇಟ್ಟಿದ್ದಕ್ಕೆ 22ಕ್ಕೆ ಹೋಗುವಾಗ ಫಲ ಸಿಕ್ಕಿತು. ರೂಟ್ ಮಾತ್ರ ಫಾರ್ಮ್ಯಾಟ್ ಮಾಡಿ ಹೊಸದು ಹಾಕಿದೆ, ನನ್ನ ಕಡತ, ಬ್ರೌಸರ್ ಗುರುತುಗಳೆಲ್ಲ ಇದ್ದಲ್ಲೇ ಇದ್ದವು. ರೂಟ್‌ನ 50 ಜಿಬಿ ಮಾತ್ರ ಈಗ ಬಿಗಿ. ಸಿಸ್ಟಮ್‌ನ ಹಿಂದಿನ ಸ್ಥಿತಿ ಉಳಿಸಿಡುವ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್‌ಗಳನ್ನು ಎನ್‌ಟಿಎಫ್‌ಎಸ್ ಮೇಲೆ ಇಡಲು ಬರುವುದಿಲ್ಲ, ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳೂ ಜಾಗ ತಿನ್ನುತ್ತವೆ. ಸ್ನ್ಯಾಪ್‌ಶಾಟ್ ಎರಡಕ್ಕೆ ಮಿತಿ ಮಾಡಿ ನಡೆಸುತ್ತಿದ್ದೇನೆ. ಹೊಸದಾಗಿ ಮಾಡುವವರು ರೂಟ್‌ಗೆ 80 ಕೊಡಿ, ಹೋಮ್‌ನಲ್ಲಿ ಕಡಿಮೆ ಮಾಡಿ.

256 ಜಿಬಿ ಡಿಸ್ಕ್ ಇರುವವರಿಗೆ ನಾನು ಹಂಚಿ ಕೊಡುವುದಿಲ್ಲ. ಎರಡಕ್ಕೂ ಸಾಲುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸ್ಲಾಟ್ ಇದೆಯಾ ನೋಡಿ, ಇದ್ದರೆ ಎರಡನೇ ಎಸ್‌ಎಸ್‌ಡಿ ಹಾಕಿಸಿ ಲಿನಕ್ಸನ್ನು ಅದರಲ್ಲೇ ಇಡಿ. ವಿಂಡೋಸ್ 10 ಇರುವ ಹಳೆ ಯಂತ್ರದವರ ಮಾತು ಬೇರೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇಲ್ಲದಿದ್ದರೆ 11ಕ್ಕೆ ಅಧಿಕೃತ ದಾರಿ ಇಲ್ಲ. ಅಂಥವರು ಇಂಟರ್ನೆಟ್, ಬ್ಯಾಂಕಿನ ಕೆಲಸಕ್ಕೆ ಮಿಂಟ್ ಇಟ್ಟುಕೊಂಡು, ವಿಂಡೋಸನ್ನು ನೆಟ್ ಇಲ್ಲದೆ ನುಡಿ, ಕೋರೆಲ್‌ಗೆ ಮಾತ್ರ ಬಳಸಿ.