ಷೆಫ್ ಆಗಲು ಮೊದಲ ಅಡುಗೆಮನೆ ಯಾವುದು: ಮದುವೆ ಕೇಟರಿಂಗೋ, ಹೋಟೆಲ್ ಅಪ್ರೆಂಟಿಸ್‌ಶಿಪ್ಪೋ?

ಎಸ್ಸೆಸ್ಸೆಲ್ಸಿ ಮುಗಿಸಿ ಅಡುಗೆಯನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವವರಿಗೆ ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಮದುವೆ-ಮುಂಜಿ ಹಿಡಿಯುವ ಅಡುಗೆ ಭಟ್ಟರ ತಂಡ. ಇನ್ನೊಂದು, ದೊಡ್ಡ ಹೋಟೆಲಿನಲ್ಲಿ ಸ್ಟೈಪೆಂಡ್ ಪಡೆದು ಕಲಿಯುವ ಅಪ್ರೆಂಟಿಸ್‌ಶಿಪ್. ಎರಡೂ ಕಡೆ ದುಡಿದು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಕೇಟರಿಂಗ್ ಮೊದಲು, ಆದರೆ ಒಂದೇ ಸೀಸನ್. ಆಮೇಲೆ ಹೋಟೆಲಿಗೆ ಹೋಗಲೇಬೇಕು.

ಕೇಟರಿಂಗಿನಲ್ಲಿ ಸಿಗುವ ದೊಡ್ಡ ಪಾಠ ಅಂದಾಜು. ಪೂರ್ಣ ಊಟಕ್ಕೆ ನೂರು ಜನಕ್ಕೆ ಎಂಟರಿಂದ ಹತ್ತು ಕೆಜಿ ಅಕ್ಕಿ ಅನ್ನುವುದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಬಿಸಿಬೇಳೆಬಾತು, ಪುಳಿಯೋಗರೆ ಎರಡೂ ಇದ್ದ ದಿನ ಬಿಳಿ ಅನ್ನ ಎಷ್ಟು ಇಳಿಸಬೇಕು ಅನ್ನುವುದು ಮಾತ್ರ ಪಂಕ್ತಿ ನೋಡಿಯೇ ಬರಬೇಕು. ಮನೆಯ ಅಳತೆಯನ್ನು ಇಪ್ಪತ್ತರಿಂದ ಗುಣಿಸಿದರೆ ಹುಳಿ ನೀರಾಗುತ್ತದೆ. ದೊಡ್ಡ ಕೊಪ್ಪರಿಗೆಯಲ್ಲಿ ನೀರು ಎಷ್ಟಿದೆಯೋ ಅದಕ್ಕೆ ಹೋಲಿಸಿದರೆ ಬಾಯಿ ಚಿಕ್ಕದು, ಆವಿಯಾಗುವ ಪ್ರಮಾಣ ಕಡಿಮೆ. ಅದಕ್ಕೇ ನೀರನ್ನು ಹಿಡಿದು ಹಾಕಿ, ಉಪ್ಪು-ಖಾರ ಲೆಕ್ಕದ ಮುಕ್ಕಾಲು ಭಾಗ ಮೊದಲು ಹಾಕಿ, ಕುದಿ ಬಂದ ಮೇಲೆ ರುಚಿ ನೋಡಿ ಉಳಿದದ್ದು ಸೇರಿಸುತ್ತಾರೆ.

ಅನ್ನ ಬಸಿಯುವುದನ್ನು ಹತ್ತಿರ ನಿಂತು ನೋಡಬೇಕು. ಸೋನಾಮಸೂರಿಯನ್ನು ಅರ್ಧ ಗಂಟೆ ನೆನೆಸಿ, ಧಾರಾಳ ನೀರು ಮರಳುವಾಗ ಹಾಕುತ್ತಾರೆ. ಅಗುಳನ್ನು ಎರಡು ಬೆರಳ ನಡುವೆ ಒತ್ತಿದಾಗ ಒಳಗೆ ಸಣ್ಣ ಬಿಳಿ ಚುಕ್ಕೆ ಉಳಿದಿರಬೇಕು. ಆಗಲೇ ಗಂಜಿ ಬಸಿಯುವುದು. ಉಳಿದ ಬೇಯುವಿಕೆ ಮುಚ್ಚಿಟ್ಟ ಹಬೆಯಲ್ಲಿ ಮುಗಿಯುತ್ತದೆ. ಪೂರ್ತಿ ಬೇಯುವವರೆಗೆ ಕಾದರೆ ಒಳಗಿನ ಬಿಸಿ ಮತ್ತೆ ಬೇಯಿಸುತ್ತದೆ, ಮೇಲಿನ ಅನ್ನದ ಭಾರಕ್ಕೆ ತಳದ್ದು ಮುದ್ದೆಯಾಗುತ್ತದೆ. ಈ ಎರಡು-ಮೂರು ನಿಮಿಷದ ಅಂತರವನ್ನು ಯಾವ ಹೋಟೆಲಿನ ಸ್ಟೀಮರ್ ಕಲಿಸುವುದಿಲ್ಲ.

ಕೊರತೆಗಳೂ ಅಷ್ಟೇ ಗಟ್ಟಿ. ಹೊಸಬರಿಗೆ ಸಿಗುವುದು ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಬಡಿಸುವುದು. ಒಲೆ ಮುಂದೆ ನಿಲ್ಲಲು ಭಟ್ಟರ ವಿಶ್ವಾಸ ಬೇಕು. ದಿನಗೂಲಿ ಕೈಗೆ ಬರುತ್ತದೆ ನಿಜ, ಆದರೆ ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆಯೇ ಇರದು. ಮೆನು ಸಸ್ಯಾಹಾರಿ ಪಂಕ್ತಿಯೂಟದ್ದೇ ಆದರೆ ಮಾಂಸ, ಮೀನು, ಬೇಕರಿ ಯಾವುದೂ ಕೈಗೆ ಹತ್ತುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಬಿಡುವಾಗ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಹೋಟೆಲಿನಲ್ಲಿ ವ್ಯವಸ್ಥೆಯೇ ಬೇರೆ. ಕಿರಿಯ ಅಡುಗೆಯವರಾದ ಕಾಮಿ 3, 2, 1, ಆಮೇಲೆ ಡೆಮಿ ಷೆಫ್, ಒಂದು ವಿಭಾಗ ನೋಡಿಕೊಳ್ಳುವ ಷೆಫ್ ದ ಪಾರ್ಟಿ, ಮುಖ್ಯ ಷೆಫ್‌ಗೆ ಕೆಳಗಿನ ಸೂ ಷೆಫ್ ಅಂತ ಮೆಟ್ಟಿಲುಗಳಿವೆ. ತಂದೂರ್, ಹಲ್ವಾಯಿ (ಸಿಹಿತಿಂಡಿ), ಬೇಕರಿ, ಸಲಾಡ್‌ನಂಥ ತಣ್ಣನೆ ತಿನಿಸುಗಳ ಕೋಲ್ಡ್ ಕಿಚನ್ ಹೀಗೆ ವಿಭಾಗಗಳು. ಇಲ್ಲಿ ಕಲಿಯುವುದು ಒಂದೇ ರುಚಿಯನ್ನು ದಿನಾ ಹಾಗೇ ತರುವುದು: ತೂಕದ ರೆಸಿಪಿ, ಮೂರು ಮಿಲಿಮೀಟರಿನ ಬ್ರುನ್ವಾ (ತರಕಾರಿಯ ಸಣ್ಣ ಚೌಕ ಹೋಳು), ಡಬ್ಬಿಯ ಮೇಲೆ ತಾರೀಖು, ಹಳೆ ಸರಕು ಮೊದಲು ಬಳಸುವ ಶಿಸ್ತು. ಉಳಿದ ದಾಲ್ ಅನ್ನು ಆಳದ ಪಾತ್ರೆಯಲ್ಲೇ ಫ್ರಿಜ್ಜಿಗೆ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿದ್ದು ಕೆಡುತ್ತದೆ. ಅದಕ್ಕೆ ಎರಡು ಇಂಚು ಆಳದ ಟ್ರೇಗಳಿಗೆ ಸುರಿದು, ಎರಡು ಗಂಟೆಯೊಳಗೆ 60 ಡಿಗ್ರಿಯಿಂದ 21ಕ್ಕೆ, ಮುಂದಿನ ನಾಲ್ಕು ಗಂಟೆಯಲ್ಲಿ 5ಕ್ಕೆ ಇಳಿಸಬೇಕು. ಮದುವೆ ಮನೆಯಲ್ಲಿ ಈ ಲೆಕ್ಕ ಯಾರೂ ಇಡುವುದಿಲ್ಲ, ಇಡಬೇಕಿತ್ತು.

ಕಾನೂನಿನ ಬಲವೂ ಈ ಕಡೆಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಮೂವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ತಿದ್ದುಪಡಿ ನಿಯಮದಲ್ಲಿ ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ ನಿಗದಿಯಾಯಿತು. ಸೇರುವಾಗ ಚಾಲ್ತಿಯಲ್ಲಿರುವ ಮೊತ್ತವನ್ನು ವಿಚಾರಿಸಿಕೊಳ್ಳಿ. ಬಾಡಿಗೆ ರೂಮು ಮಾಡಿಕೊಂಡು ಬೆಂಗಳೂರಿನಲ್ಲಿ ಇರುವವರಿಗೆ ಇದು ಸಾಲದು. ಡ್ಯೂಟಿ ಊಟ ಕೊಡುತ್ತಾರೋ, ಹಾಸ್ಟೆಲ್ ಇದೆಯೋ ಕೇಳಿಯೇ ಒಪ್ಪಬೇಕು.

ಹೋಟೆಲಿನಲ್ಲಿ ಎಡವಟ್ಟಾಗುವುದು ಹೀಗೆ: ಸಮಾರಂಭಗಳ ಊಟ ಮಾಡುವ ಬ್ಯಾಂಕ್ವೆಟ್ ಕಿಚನ್‌ನಲ್ಲಿ ಜನ ಸಾಲದಿದ್ದಾಗ ಅಪ್ರೆಂಟಿಸ್‌ಗಳನ್ನು ಅಲ್ಲಿಗೆ ಹಾಕಿ ತಿಂಗಳುಗಟ್ಟಲೆ ಈರುಳ್ಳಿ ಸುಲಿಸುತ್ತಾರೆ. ಕೇಟರಿಂಗಿನಲ್ಲಿ ಒಂದು ಸೀಸನ್ ಪಳಗಿ ಬಂದವರ ಕೈವೇಗ ಮೊದಲ ವಾರದಲ್ಲೇ ಕಣ್ಣಿಗೆ ಬೀಳುವುದರಿಂದ ಅವರನ್ನು ಬೇಗ ಒಲೆಗೆ ಕರೆಯುತ್ತಾರೆ. ಕೇಟರಿಂಗ್ ಮೊದಲು ಅನ್ನುವುದಕ್ಕೆ ನಮಗಿರುವ ದೊಡ್ಡ ಕಾರಣ ಇದೇ. ಅಲ್ಲೇ ನಾಲ್ಕೈದು ವರ್ಷ ಉಳಿದವರಿಗೆ ಮಾತ್ರ ತಕ್ಕಡಿ ಹಿಡಿಯುವುದು ಕಷ್ಟ. ಕಣ್ಣಳತೆ ಅಷ್ಟು ಗಟ್ಟಿಯಾಗಿಬಿಟ್ಟಿರುತ್ತದೆ.

ಐಟಿಐಯ ಒಂದು ವರ್ಷದ ಫುಡ್ ಪ್ರೊಡಕ್ಷನ್ ಟ್ರೇಡ್ ಮಾಡಿಕೊಂಡು ಹೋದರೆ ಹೋಟೆಲಿನ ಬಾಗಿಲು ಸುಲಭ. ಮೂರು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಗೆ ಪಿಯುಸಿ, ಪ್ರವೇಶ ಪರೀಕ್ಷೆ, ದೊಡ್ಡ ಶುಲ್ಕ ಬೇಕು. ಹೊರದೇಶದ ಕೆಲಸದ ಆಸೆ ಇದ್ದವರು ಅದನ್ನು ಯೋಚಿಸಲಿ.

ಸೇರುವ ಮುನ್ನ ಮೂರು ಸಂಗತಿ ಖಚಿತ ಮಾಡಿಕೊಳ್ಳಿ. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಕೊನೆಗೆ ಪರೀಕ್ಷೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಯಾವ ವಿಭಾಗದಲ್ಲಿ ಎಷ್ಟು ವಾರ ಅನ್ನುವುದು ಬರಹದಲ್ಲಿರಬೇಕು. ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ಕಿಗೆ ಪ್ರತಿ ವಾರ ಷೆಫ್ ಸಹಿ ಹಾಕಿಸಿಕೊಳ್ಳಿ. ಆರು ತಿಂಗಳದ್ದನ್ನು ಒಟ್ಟಿಗೆ ಹಾಕಿಸಲು ಹೋದರೆ ಆ ಷೆಫ್ ಅಷ್ಟರಲ್ಲಿ ಬೇರೆ ಹೋಟೆಲಿಗೆ ಹೋಗಿರುತ್ತಾರೆ.