ಮುಳ್ಳು ಸೊನ್ನೆಯಲ್ಲೇ ನಿಂತಿತ್ತು: 780 ರೂಪಾಯಿಯ ಬಿಪಿ ಮಷಿನ್, ಮೂರು ವರ್ಷದ ಮೇಲೆ

ನರ್ಸಿಂಗ್ ಮೊದಲ ವರ್ಷದಲ್ಲಿ ಕೊಂಡ ಡಯಲ್ ಬಿಪಿ ಮಷಿನ್ ಇದು. ಈಗ ಕೊನೇ ವರ್ಷದಲ್ಲಿದ್ದೇನೆ. ಮಷಿನ್‌ಗೆ 780, ಸ್ಟೆತ್‌ಗೆ (ಸ್ಟೆತಸ್ಕೋಪ್‌ಗೆ) 420. ಕ್ಲಾಸಿನ ಹನ್ನೊಂದು ಹುಡುಗಿಯರು ಒಟ್ಟಿಗೆ ಹುಬ್ಬಳ್ಳಿಯ ಒಂದು ಸರ್ಜಿಕಲ್ ಅಂಗಡಿಗೆ ನುಗ್ಗಿ, ಒಂದು ತಾಸು ಚೌಕಾಸಿ ಮಾಡಿದ ಮೇಲೆ ಸಿಕ್ಕ ರೇಟು. ಕಂಪನಿ ಹೆಸರು ಬರೆಯುವುದಿಲ್ಲ. ಆ ರೇಟಿನ ಮಷಿನ್‌ಗಳೆಲ್ಲ ಅಣ್ಣತಮ್ಮಂದಿರ ಹಾಗೆ ಇರುತ್ತವೆ, ಸ್ಟಿಕ್ಕರ್ ಮಾತ್ರ ಬೇರೆ. ಡಯಲ್, ಕಪ್ಪು ಬಲ್ಬು, ಜಿಪ್ ಚೀಲ, ಅದೆಲ್ಲ ನೀವು ನೋಡಿಯೇ ಇರುತ್ತೀರಿ.

ಸೀನಿಯರ್‌ಗಳು ಲಿಟ್ಮನ್ ಬ್ರ್ಯಾಂಡಿನ ಸ್ಟೆತ್ ತಗೋ ಅಂದಿದ್ದರು. ಅದರ ದುಡ್ಡಿನಲ್ಲಿ ನಮ್ಮ ಮನೆಯಲ್ಲಿ ಎಷ್ಟೋ ವಾರದ ಸಂತೆ ಆಗುತ್ತದೆ, ಹಾಗಾಗಿ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮೊದಲ ತಿಂಗಳು ನನಗೆ ಏನೂ ಕೇಳಿಸಲಿಲ್ಲ. ತೋಳಿಗೆ ಕಫ್ (ಗಾಳಿ ತುಂಬುವ ಪಟ್ಟಿ) ಕಟ್ಟುತ್ತಿದ್ದೆ, ಬಲ್ಬ್ ಒತ್ತುತ್ತಿದ್ದೆ, ಮುಳ್ಳು ಇಳಿಯುತ್ತಿತ್ತು, ಕಿವಿಯಲ್ಲಿ ಬರೀ ಗುಂಯ್. ಕೇಳಲು ನಾಚಿಕೆಯಾಗಿ ಎಲ್ಲರಿಗೂ 120/80 ಬರೆದುಬಿಡುತ್ತಿದ್ದೆ. ಒಂದು ದಿನ ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ನೋಡಿ, "ಏನವಾ, ನಿನ್ನ ಪೇಷಂಟ್ ಎಲ್ಲಾರೂ ಆರಾಮದಾರಲ್ಲ, ಮನಿಗೆ ಕಳಸೂಣೇನು?" ಅಂದರು. ತಪ್ಪು ಮಷಿನ್ನದಲ್ಲ. ಸ್ಟೆತ್ತನ್ನು ಹಿಂದುಮುಂದಾಗಿ ಹಾಕಿಕೊಳ್ಳುತ್ತಿದ್ದೆ. ಕಿವಿಗೆ ಹೋಗುವ ತುದಿಗಳು ಮೂಗಿನ ಕಡೆ ಬಾಗಿರಬೇಕು, ನನ್ನವು ಬೆನ್ನ ಕಡೆ ಇದ್ದವು. ತಿರುಗಿಸಿ ಹಾಕಿಕೊಂಡ ದಿನ ಟಕ್, ಟಕ್, ಟಕ್ ಅಂತ ಬಾಗಿಲು ಬಡಿದ ಹಾಗೆ ಕೇಳಿಸಿತು. 1905ರಲ್ಲಿ ಕೊರೊಟ್ಕಾಫ್ ಎಂಬ ರಷ್ಯಾದ ಸರ್ಜನ್ ಹೇಳಿಕೊಟ್ಟ ಶಬ್ದ ಅದು. ಪರೀಕ್ಷೆಗೆ ಆ ಶಬ್ದದ ಐದೂ ಹಂತ ಬಾಯಿಪಾಠ ಮಾಡಿದ್ದೆ, ಆದರೆ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

ಆಮೇಲೆ ಈ ಮಷಿನ್ ನನ್ನ ಜೊತೆ ಪ್ರತಿ ಶನಿವಾರ ಊರಿಗೆ ಬರತೊಡಗಿತು. ಊರು ಹಾವೇರಿ ಕಡೆ. ಭಾನುವಾರ ಬೆಳಿಗ್ಗೆ ಆಯಿ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕಟ್ಟೆಗೆ ಒರಗಿ ಕೂರುತ್ತಾಳೆ. ಚಹಾ ಕುಡಿದಿದ್ದರೆ ಅರ್ಧ ಗಂಟೆ ಕಾಯಿಸುತ್ತೇನೆ. ಕಾಲ ಮೇಲೆ ಕಾಲು ಹಾಕಬಾರದು. ಸುಮ್ನೆ ಐದು ನಿಮಿಷ ಕೂತ ಮೇಲೇ ಕಫ್. ತೋಳು ಎದೆಯ ಮಟ್ಟಕ್ಕೆ ಬರಲಿ ಅಂತ ಕೆಳಗೆ ಎರಡು ದಿಂಬು ಇಡುತ್ತೇನೆ, ಒಂದಕ್ಕೆ ಅವಳೇ ಹೊಲಿದ ಕೌದಿ ತುಂಡಿನ ಗವಸು. ಮೊದಲು ನಾಡಿ ಹಿಡಿದು ಗಾಳಿ ತುಂಬುವುದು, ನಾಡಿ ನಿಂತ ಜಾಗ ನೋಡಿಟ್ಟು ಗಾಳಿ ಪೂರ್ತಿ ಬಿಡುವುದು. ಆಮೇಲೆ ಸ್ಟೆತ್ ಇಟ್ಟು, ಆ ಅಂಕಿಗಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ ಎರಡು ಮೂರು ಅಂಕಿಯಂತೆ ಇಳಿಸುವುದು. ಈ ಹೊತ್ತಿನಲ್ಲಿ ಮಾತಾಡಬಾರದು, ಮಾತಾಡಿದರೆ ಬಿಪಿ ಏರುತ್ತದೆ. ಇಡೀ ವಾರದಲ್ಲಿ ಆಯಿ ಬಾಯಿ ಮುಚ್ಚಿಕೊಂಡು ಕೂರುವುದು ಆಗ ಮಾತ್ರ. ಕೆನ್ನೆ ಉಬ್ಬಿಸಿಕೊಂಡು ನನ್ನನ್ನೇ ನೋಡುತ್ತಿರುತ್ತಾಳೆ. ವೆಲ್ಕ್ರೊ ಪರ್‌ರ್ ಅಂತ ಬಿಚ್ಚಿದ ಕೂಡಲೇ, "ಈಗ ಮಾತಾಡ್ಲೇನವಾ?" 780 ರೂಪಾಯಿಗೆ ಇದು ಸಿಗುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ.

ಆಯಿಯ ಕಾರಣಕ್ಕೇ ಇನ್ನೊಂದು ಖರ್ಚೂ ಆಯಿತು. ಅವಳ ತೋಳು ಟೇಪಿನಲ್ಲಿ 20 ಸೆಂಟಿಮೀಟರ್ ಬಂತು. ಜೊತೆಗೆ ಬಂದ ಕಫ್ ಅಷ್ಟು ಸಣ್ಣ ತೋಳಿಗಲ್ಲ. ಕಫ್ ದೊಡ್ಡದಾದರೆ ಬಿಪಿ ಕಡಿಮೆ ತೋರಿಸುತ್ತದೆ, ಸಣ್ಣದಾದರೆ ಜಾಸ್ತಿ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ 80ರಷ್ಟಾದರೂ ಸುತ್ತಬೇಕು ಅನ್ನುವುದು ಲೆಕ್ಕ. ಚಿಕ್ಕ ಕಫ್‌ಗೆ ಬೇರೆ 220 ಕೊಟ್ಟೆ. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ.

ಆಯಿಯನ್ನು ನೋಡಿ ಓಣಿಯವರೂ ಬರತೊಡಗಿದರು. "ನರ್ಸಬಾಯಿ ಬಂದಾಳ" ಅಂತ ತೋಳು ಮಡಚಿಕೊಂಡು ಏಳೆಂಟು ಮಂದಿ ಸಾಲಾಗಿ ಕಟ್ಟೆಯ ಮೇಲೆ ಕೂರುವರು. ಎಲ್ಲರದ್ದೂ 100 ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಇಲ್ಲಿವರೆಗೆ ಆಗಿದ್ದರೆ ಈ ವಿಮರ್ಶೆ ಐದಕ್ಕೆ ಐದು ಕೊಟ್ಟು ಮುಗಿಯುತ್ತಿತ್ತು.

ಎರಡನೇ ವರ್ಷ ದಸರಾ ಕಳೆದ ಮೇಲೆ ನಮ್ಮ ಓಣಿಯ ಬಿಪಿ ಇಳಿಯಿತು. ಇಡೀ ಓಣಿಯದ್ದು. ನನಗೆ ಎಂಥ ಖುಷಿ! ಉಪ್ಪಿನಕಾಯಿ ಕಡಿಮೆ ಮಾಡಿ, ಹಪ್ಪಳ ಕಡಿಮೆ ಮಾಡಿ ಅಂತ ನಾನು ಕೊಟ್ಟ ಭಾಷಣ ಫಲ ಕೊಟ್ಟಿತು ಅಂದುಕೊಂಡೆ. ಮೂರು ಮನೆ ಆಚೆಯ ಕಾಕಾ ಬಿಪಿ ಗುಳಿಗೆ ತಗೊಳ್ಳುವವರು. ಅವರದ್ದು 138/88 ಬರುತ್ತಿತ್ತು. "ಆರಾಮ ಐತಿ ಕಾಕಾ" ಅಂದೆ. ಆರಾಮ ಇದೆ ಅಂತ ಅವರು ಗುಳಿಗೆಯನ್ನು ದಿನ ಬಿಟ್ಟು ದಿನ ಮಾಡಿಕೊಂಡಿದ್ದರು, ಅದನ್ನು ನನಗೆ ಹೇಳಿರಲಿಲ್ಲ.

ಯುಗಾದಿಗೆ ಮುಂಚೆ ಅವರು ಬೇರೆ ಏನಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಚೀಟಿಯಲ್ಲಿ 150/96. ತಂದು ನನ್ನ ಕೈಗಿಟ್ಟರು. ನಾನೇನು ಮಾಡಿದೆ ಗೊತ್ತಾ? ಆಸ್ಪತ್ರೆಗೆ ಹೋದರೆ ಹೆದರಿಕೆಗೆ ಬಿಪಿ ಜಾಸ್ತಿ ಬರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದನ್ನು ಅವರಿಗೇ ಪಾಠ ಮಾಡಿದೆ. ನನ್ನ ಮಷಿನ್ ಮೇಲೆ ಅಷ್ಟು ನಂಬಿಕೆ. ಮುಳ್ಳು ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತಿತ್ತಲ್ಲ!

ಆದರೂ ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರ ಹಾಸ್ಟೆಲಿಗೆ ಹೋಗುವಾಗ ಮೀನಿನ ಅಕ್ವೇರಿಯಂ ಅಂಗಡಿಯಲ್ಲಿ ಗಾಳಿ ನಳಿಗೆಗೆ ಹಾಕುವ ಮೂರು ಬಾಯಿಯ, T ಆಕಾರದ ಪ್ಲಾಸ್ಟಿಕ್ ಟೀ ಜಾಯಿಂಟ್ ಕೊಂಡೆ, ಹತ್ತು ರೂಪಾಯಿ. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಅಂತರರಾಷ್ಟ್ರೀಯ ಒಪ್ಪಂದದ ಮೇಲೆ ಪಾದರಸದ ಮಷಿನ್‌ಗಳು ಒಂದೊಂದಾಗಿ ಮೂಲೆ ಸೇರುತ್ತಿವೆ, ಆದರೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇನ್ನೂ ಒಂದಿದೆ. ತಾಳೆ ನೋಡಲು ಮೇಡಂ ಹತ್ತಿರ ಕೇಳಿ ಅದನ್ನು ತೆಗೆಸಿದೆ. ಕಫ್ ಅನ್ನು ನೀರಿನ ಸ್ಟೀಲ್ ಬಾಟಲಿಗೆ ಸುತ್ತಿ, ಟೀ ಹಾಕಿ, ಒಂದು ಕಡೆ ನನ್ನ ಡಯಲ್, ಇನ್ನೊಂದು ಕಡೆ ಪಾದರಸ. ಎರಡಕ್ಕೂ ಒಂದೇ ಗಾಳಿ. 200ಕ್ಕೆ ಏರಿಸಿ ನಿಧಾನ ಇಳಿಸಿದೆವು. ಪಾದರಸ 160ರಲ್ಲಿದ್ದಾಗ ನನ್ನದು 150. ಅಲ್ಲಿ 120, ಇಲ್ಲಿ 112. ಅಲ್ಲಿ 80, ಇಲ್ಲಿ 76. ಗಾಳಿ ಪೂರ್ತಿ ಬಿಟ್ಟರೆ ಎರಡೂ ಸೊನ್ನೆ, ಏನೂ ಆಗಿಲ್ಲ ಅನ್ನುವ ಹಾಗೆ. ಮೂರರಷ್ಟು ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ, ಹತ್ತು ಅಂದರೆ ಗುಳಿಗೆ ಬೇಕೋ ಬೇಡವೋ ಅನ್ನುವಷ್ಟು ವ್ಯತ್ಯಾಸ.

ಸಿಟ್ಟು ನೆತ್ತಿಗೇರಿತು. ಬಿಲ್ಲು ಹಿಡಿದು ಅಂಗಡಿಗೆ ಹೋದರೆ, ವಾರಂಟಿ ಕಫ್‌ಗೆ ಮತ್ತು ಬಲ್ಬ್‌ಗೆ, ಗೇಜ್‌ಗೆ (ಡಯಲ್‌ಗೆ) ಇಲ್ಲ ಅಂದರು. ಹಾಗಾದರೆ ಮಷಿನ್ ಅಂದರೆ ಯಾವುದು, ಚೀಲವಾ? ಹೊಸದು ತಗೋ, ಹಳೇದಕ್ಕೆ ನೂರು ರೂಪಾಯಿ ಕಡಿಮೆ ಮಾಡುತ್ತೇನೆ ಅನ್ನುವ ಮಾತು ಬೇರೆ. ಬಾಗಿಲು ದಾಟುವಾಗ ಅಲ್ಲೇ ಸಿರಿಂಜ್ ಡಬ್ಬಿ ಇಳಿಸುತ್ತಿದ್ದ ಹುಡುಗ ಮೆಲ್ಲಗೆ, ಹಿಂದಿನ ಗಲ್ಲಿಯಲ್ಲಿ ರಿಪೇರಿ ಮಾಡುವ ಅಜ್ಜ ಒಬ್ಬರಿದ್ದಾರೆ ಅಂದ.

ಅಜ್ಜನದು ಕೈಗಡಿಯಾರ ರಿಪೇರಿಯವರ ಹಾಗೆ ಪುಟ್ಟ ಮೇಜು, ಮೇಲೊಂದು ಪಾದರಸದ ಕಂಬ. ಗಾಜು ತೆಗೆದು ಒಳಗೆ ತೋರಿಸಿದರು. ತೆಳು ತಗಡಿನ ಚಪ್ಪಟೆ ಡಬ್ಬಿ, ಗಾಳಿ ತುಂಬಿದರೆ ಉಬ್ಬುತ್ತದೆ. ಆ ಉಬ್ಬು ಒಂದು ಸಣ್ಣ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಹಲ್ಲುಚಕ್ರವನ್ನು, ಚಕ್ರ ಮುಳ್ಳನ್ನು. ಅಜ್ಜ ಕಡ್ಡಿಯನ್ನು ಚಿಮಟದಲ್ಲಿ ಮುಟ್ಟಿ, "ಎಲ್ಲಿಂದ ಕೆಡವಿದಿ?" ಅಂದರು. ಕೆಡವಿಲ್ಲ ಅಂದೆ. ಅವರು ಏನೂ ಹೇಳದೆ ನನ್ನ ಮುಖ ನೋಡಿದರು. ಆಗ ನೆನಪಾಯಿತು: ದಸರಾ ರಜೆಗೆ ಹೊರಟ ದಿನ ಹಾಸ್ಟೆಲಿನ ಮೇಲಿನ ಮಂಚದಿಂದ ಚೀಲ ಬಿದ್ದಿತ್ತು. ಎತ್ತಿ ನೋಡಿದಾಗ ಗಾಜು ಒಡೆದಿರಲಿಲ್ಲ, ಮುಳ್ಳು ಸೊನ್ನೆಯಲ್ಲಿತ್ತು, ಬಚಾವು ಅಂದುಕೊಂಡಿದ್ದೆ.

ಕೂದಲೆಳೆಯಷ್ಟು ಬಗ್ಗಿಸಿ, ಕಂಬದ ಜೊತೆ ನೋಡಿ, ಮತ್ತೆ ಬಗ್ಗಿಸಿ, ಅರ್ಧ ತಾಸಿನ ಕೆಲಸ. 200 ರೂಪಾಯಿ. ಈಗ ಎಲ್ಲೂ ಎರಡು ಅಂಕಿಗಿಂತ ಜಾಸ್ತಿ ತಪ್ಪುವುದಿಲ್ಲ. ಕಂಪನಿಯನ್ನು ಅರ್ಧ ಕ್ಷಮಿಸಿದೆ, ಇನ್ನರ್ಧ ಹಾಗೇ ಇದೆ. ಬಿದ್ದರೆ ಕೆಡುತ್ತದೆ, ಆರು ತಿಂಗಳಿಗೊಮ್ಮೆ ತಾಳೆ ನೋಡಿಸಿ ಅಂತ ಒಂದು ಸಾಲು ಹಾಕಲು ಇವರಿಗೆ ಏನು ಕಷ್ಟ? ಚೀಲದೊಳಗಿನ ಚೀಟಿಯಲ್ಲಿ ಇರುವುದು ಕೈ ಕುಲುಕುವ ಚಿತ್ರ ಮಾತ್ರ.

ಸ್ಟೆತ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಯಾಫ್ರಾಮ್ (ಬಿಲ್ಲೆಯ ಮೇಲಿನ ತೆಳು ಪೊರೆ) ಸೀಳಿದಾಗ ಹಳೇ ಎಕ್ಸ್‌ರೇ ಫಿಲ್ಮ್ ದುಂಡಗೆ ಕತ್ತರಿಸಿ ಹಾಕಿದೆ, ಬಿಪಿಗೆ ಸಾಕು, ಎದೆಯ ಸಣ್ಣ ಶಬ್ದಗಳಿಗೆ ಸಾಲದು. ನಳಿಗೆ ಬರೀ ಕುತ್ತಿಗೆಗೆ ತಾಗಿ ತಾಗಿ ಗಟ್ಟಿಯಾಗಿದೆ, ಕಾಲರ್ ಮೇಲೆ ಹಾಕಿಕೊಳ್ಳಿ.

ಜೂನಿಯರ್‌ಗಳು ಕೇಳಿದರೆ ಇದೇ ರೇಟಿನದ್ದನ್ನೇ ತಗೊಳ್ಳಿ ಅನ್ನುತ್ತೇನೆ. ಡಿಜಿಟಲ್ ಬೇಡ, ಕಿವಿ ಪಳಗುವುದಿಲ್ಲ. ನಾಡಿ ತಾಳ ತಪ್ಪಿದವರಲ್ಲಿ ಅದರ ಅಂಕಿಯನ್ನು ನಂಬುವುದೂ ಕಷ್ಟ. ಆದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಇನ್ನೊಂದು ಮಷಿನ್ ಜೊತೆ ಟೀ ಜಾಯಿಂಟ್ ಹಾಕಿ ತೋರಿಸಿ ಅನ್ನಿ. ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ. ಟೀ ಜಾಯಿಂಟ್ ನಿಮ್ಮದೇ ಒಯ್ಯಿರಿ.

ಅಜ್ಜ ಸರಿಮಾಡಿಕೊಟ್ಟ ವಾರವೇ ಕಾಕಾನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅಳತೆ 148/94 ಬಂತು. ದಿನಾ ತಗೊಳ್ಳಬೇಕಿತ್ತು ಗುಳಿಗೆ, ನಾಳೆಯೇ ಡಾಕ್ಟರ್ ಹತ್ತಿರ ಹೋಗಿ ಅಂದಾಗ ಅವರು ನಕ್ಕು, "ನಿನ್ನ ಮಷಿನ್ನಿಗೂ ಒಂದು ಗುಳಿಗಿ ಬರಸ್ಕೊಂಡು ಬರಲೇನವಾ?" ಅಂದರು. ಈಗ ಗೇಜಿನ ಬೆನ್ನಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ, ತಾಳೆ ನೋಡಿದ ತಾರೀಕು ಬರೆದಿರುತ್ತೇನೆ. ಭಾನುವಾರ ಕಾಕಾ ಕಟ್ಟೆಗೆ ಬಂದು ಕೂತು, ತೋಳು ಚಾಚುವ ಮೊದಲು ಗೇಜನ್ನು ಕೈಗೆ ತಗೊಂಡು ತಿರುವಿ, ಕನ್ನಡಕ ಏರಿಸಿ ಆ ತಾರೀಕು ಓದುತ್ತಾರೆ.