ಚಾ ಗಿಡ ಹುಡುಕಬೇಡಿ: ಸಾನ್ ಫ್ರಾನ್ಸಿಸ್ಕೋದ ಜಪಾನಿ ಚಾ ತೋಟಕ್ಕೆ ಹೋಗುವವರಿಗೆ

ಕಾಸರಗೋಡಿನ ಕಡೆಯವರಿಗೆ ‘ಟೀ ಗಾರ್ಡನ್’ ಎಂದರೆ ಕಣ್ಣೆದುರು ಬರುವುದು ವಯನಾಡಿನ, ಮುನ್ನಾರಿನ ಗುಡ್ಡ. ಕತ್ತರಿಸಿ ಸಮ ಮಾಡಿದ ಹಸಿರು ಸಾಲು. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ಕ್ಯಾಲಿಫೋರ್ನಿಯಕ್ಕೆ ಹೋದ ಹಿರಿಯರು ಗೋಲ್ಡನ್ ಗೇಟ್ ಪಾರ್ಕಿನ ಈ ತೋಟಕ್ಕೆ ಕಾಲಿಟ್ಟು, “ಚಾ ಗಿಡ ಎಲ್ಲಿ?” ಎಂದು ಕೇಳಿದರೆ ತಪ್ಪಿಲ್ಲ. ಇದು ಚಾ ಬೆಳೆಯುವ ತೋಟವಲ್ಲ, ಚಾ ಕುಡಿಯಲು ಹೋಗುವ ದಾರಿಯ ತೋಟ. ಇಷ್ಟು ತಿಳಿದು ಹೋದರೆ ಅರ್ಧ ನಿರಾಶೆ ತಪ್ಪುತ್ತದೆ. ಉಳಿದರ್ಧ ತಪ್ಪಬೇಕಾದರೆ ಬೆಳಗ್ಗೆ ಒಂಬತ್ತಕ್ಕೆ, ಬಾಗಿಲು ತೆರೆಯುವಾಗಲೇ ಅಲ್ಲಿರಬೇಕು.

ಒಂಬತ್ತು ಗಂಟೆಗೆ ಎರಡು ಕಾರಣ. ಸೋಮವಾರ, ಬುಧವಾರ, ಶುಕ್ರವಾರ ಒಂಬತ್ತರಿಂದ ಹತ್ತರವರೆಗೆ ಒಳಹೋಗುವವರಿಗೆ ಟಿಕೆಟಿಲ್ಲ. ಹತ್ತರೊಳಗೆ ಒಳಗಾದರೆ ಸಾಕು, ಆಮೇಲೆ ಯಾರೂ ಎಬ್ಬಿಸುವುದಿಲ್ಲ. ನಗರದ ನಿವಾಸಿಗಳಿಗೆ ಗುರುತು ಚೀಟಿ ತೋರಿಸಿದರೆ ಯಾವಾಗಲೂ ಉಚಿತ. ಮಗ ಸನ್ನಿವೇಲಿನಲ್ಲೋ ಫ್ರೀಮಾಂಟಿನಲ್ಲೋ ಇದ್ದರೆ ಆ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನವರ ದರ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ದಿನ ತೋಟದ ಜಾಲತಾಣದಲ್ಲಿ ದರವನ್ನೂ ಸಮಯವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಎರಡನೆಯ ಕಾರಣ ಜನ. ಇಡೀ ತೋಟ ಇರುವುದು ಐದು ಎಕರೆ, ದಾರಿಗಳು ಅಡಿಕೆ ತೋಟದ ಕಾಲುದಾರಿಯಷ್ಟೇ ಅಗಲ. ಹನ್ನೊಂದರ ಮೇಲೆ ಶನಿವಾರ ಹೋದರೆ ಮುಂದಿನವರ ಬೆನ್ನು ನೋಡುತ್ತಾ ನಡೆಯಬೇಕು, ನಿಂತರೆ ಹಿಂದಿನವರಿಗೆ ತಡೆ. ನಿಂತು ನಿಂತು ನೋಡಲೆಂದೇ ಕಟ್ಟಿದ ಜಾಗದಲ್ಲಿ ನಿಲ್ಲಲು ಆಗದಿದ್ದರೆ ಉಳಿಯುವುದು ಫೋಟೋ ಮಾತ್ರ.

ಹೋಗುವ ದಾರಿ ಸುಲಭ. ದಕ್ಷಿಣದ ಊರುಗಳಿಂದ ಕ್ಯಾಲ್‌ಟ್ರೇನ್ ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದರೆ ಹೊರಗಡೆಯೇ ‘ಎನ್ ಜೂಡಾ’ ಟ್ರಾಮ್ ಸಿಗುತ್ತದೆ. ಒಂಬತ್ತನೇ ಅವೆನ್ಯೂ–ಅರ್ವಿಂಗ್ ಬೀದಿಯಲ್ಲಿ ಇಳಿದು ಉತ್ತರಕ್ಕೆ ಹದಿನೈದು ನಿಮಿಷ ನಡೆದರೆ ತೋಟ. ನಡೆಯಲಾಗದವರು ಅಲ್ಲಿಂದಲೇ 44ನೇ ನಂಬರಿನ ಬಸ್ಸು ಹತ್ತಬಹುದು. ಫ್ರೀಮಾಂಟ್ ಕಡೆಯಿಂದ ಬಾರ್ಟ್ ರೈಲಿನಲ್ಲಿ ಬರುವವರು ಗ್ಲೆನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಅದೇ 44 ಹಿಡಿದರೆ ಟ್ರಾಮಿನ ಗೊಡವೆಯೇ ಇಲ್ಲ. ಅಕಾಡೆಮಿ ಆಫ್ ಸೈನ್ಸಸ್ ಎದುರು ಇಳಿಯಬೇಕು. ಚೌಕದ ಆಚೆ ಬದಿಯಲ್ಲಿ ಡಿ ಯಂಗ್ ಮ್ಯೂಸಿಯಂ, ಅದಕ್ಕೆ ಅಂಟಿಕೊಂಡೇ ಚಾ ತೋಟದ ಮರದ ದ್ವಾರ. ಕಾರಿನಲ್ಲಿ ಹೋಗುವವರಿಗೆ ಒಂದು ಮಾತು: ಪಾರ್ಕಿನ ಮುಖ್ಯ ರಸ್ತೆಯ ಪೂರ್ವ ಭಾಗ 2022ರಿಂದ ಕಾಯಂ ಆಗಿ ಕಾರಿಗೆ ಬಂದ್. ಹಳೆಯ ನೆನಪಿನಲ್ಲಿ ಸುತ್ತಿ ಸುತ್ತಿ ಅರ್ಧ ಗಂಟೆ ಕಳೆಯುವವರಿದ್ದಾರೆ. ಫುಲ್ಟನ್ ಬೀದಿಯ ಹತ್ತನೇ ಅವೆನ್ಯೂವಿನಿಂದ ನೆಲದಡಿಯ ಗ್ಯಾರೇಜಿಗೆ ಇಳಿದರೆ ಮುಗಿಯಿತು. ಸೀಟಿನ ಮೇಲೆ ಚೀಲ ಬಿಟ್ಟು ಹೋಗಬೇಡಿ, ಆ ಊರಿನಲ್ಲಿ ಕಾರಿನ ಗಾಜು ಒಡೆಯುವುದು ಮಾಮೂಲಿ. ಪಾಸ್‌ಪೋರ್ಟು ಇರುವ ಚೀಲವಂತೂ ಕೈಯಲ್ಲೇ ಇರಲಿ.

ಸ್ವೆಟರ್ ಬೇಕೇ ಬೇಕು. ‘ಕ್ಯಾಲಿಫೋರ್ನಿಯ, ಜುಲೈ, ಬೇಸಿಗೆ’ ಎಂದು ಹತ್ತಿಯ ಸೀರೆ, ಅರ್ಧ ತೋಳಿನ ಅಂಗಿಯಲ್ಲಿ ಹೋದವರು ಚಳಿಗೆ ಮುದುಡುತ್ತಾರೆ. ಪಾರ್ಕು ಮೂರು ಮೈಲಿ ಉದ್ದಕ್ಕೆ ಪೆಸಿಫಿಕ್ ಕಡಲಿನವರೆಗೂ ಚಾಚಿದೆ. 1870ಕ್ಕಿಂತ ಮೊದಲು ಅಲ್ಲಿದ್ದದ್ದು ಬರೀ ಹೊಯ್ಗೆ ದಿಬ್ಬ. ಒಳನಾಡು ಕಾದಾಗ ಕಡಲಿನ ಮಂಜು ಆ ದಾರಿಯಲ್ಲೇ ನುಗ್ಗುತ್ತದೆ. ಸನ್ನಿವೇಲಿನಲ್ಲಿ ಮೂವತ್ತು ಡಿಗ್ರಿ ಇರುವ ದಿನ ಇಲ್ಲಿ ಹದಿನೈದು ಇರಬಹುದು. ನಮ್ಮ ಆಟಿ ಮಳೆಯ ಹೊತ್ತಿಗೆ ಅಲ್ಲಿ ಹನಿ ಮಳೆಯಿಲ್ಲ, ಮಳೆಗಾಲ ಏನಿದ್ದರೂ ಡಿಸೆಂಬರಿನ ಆಚೀಚೆ. ಚೆರ್ರಿ ಹೂವಿಗೆ ಮಾರ್ಚ್ ಕೊನೆ, ಏಪ್ರಿಲ್. ಕೆಂಪಾದ ಮೇಪಲ್ ಎಲೆಗೆ ನವೆಂಬರ್. ಬಿಸಿಲು ಬೇಕಿದ್ದವರಿಗೆ ಸೆಪ್ಟೆಂಬರ್, ಅಕ್ಟೋಬರ್. ಹೂವಿನ ವಾರಗಳಲ್ಲಿ ಜನವೂ ಹೂವಿನಷ್ಟೇ ಎನ್ನುವುದು ನೆನಪಿರಲಿ.

ಒಳಗೆ ಹೋದ ಕೂಡಲೇ ಎಲ್ಲರೂ ಓಡುವುದು ಬಿಲ್ಲಿನಂತೆ ಬಾಗಿದ ಮರದ ಸಂಕಕ್ಕೆ. ‘ತೈಕೋ ಬಾಶಿ’, ಅಂದರೆ ಡೋಲಿನ ಸೇತುವೆ. ಅರ್ಧ ವೃತ್ತ ಮೇಲೆ, ಇನ್ನರ್ಧ ನೀರಿನ ನೆರಳಲ್ಲಿ. ಎರಡೂ ಸೇರಿದರೆ ಡೋಲಿನ ಬಾಯಿ. ಗಾಳಿ ಬೀಸಿದರೆ ಕೆಳಗಿನರ್ಧ ಹರಿದುಹೋಗುತ್ತದೆ, ಆದ್ದರಿಂದ ದೂರದಿಂದ ನೋಡಲಿಕ್ಕೂ ಬೆಳಗ್ಗಿನ ಹೊತ್ತೇ ಸರಿ. ಹತ್ತಲಿಕ್ಕೆ ಇದು ಸೇತುವೆ ಅನ್ನುವುದಕ್ಕಿಂತ ಏಣಿ. ಬುಡದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ, ಕಾಲಿಡಲು ಅಡ್ಡಪಟ್ಟಿಗಳಿವೆ. ಎರಡೂ ಕೈ ಖಾಲಿ ಇರಬೇಕು, ಚೀಲ ಹೆಗಲಿಗೆ, ಫೋನು ಕಿಸೆಗೆ. ಸೀರೆಯವರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಬೇಕು. ಚಪ್ಪಲಿಗಿಂತ ಹಿಮ್ಮಡಿ ಕಟ್ಟಿದ ಶೂ ಒಳ್ಳೆಯದು. ಹತ್ತುವುದು ಕಷ್ಟವಲ್ಲ. ತಪ್ಪುವುದು ಇಳಿಯುವಾಗ, ಮುಖ ಮುಂದೆ ಮಾಡಿ ಇಳಿಯಹೋದರೆ ಹಿಮ್ಮಡಿಗೆ ಪಟ್ಟಿ ಸಿಗದೆ ಜಾರುತ್ತದೆ. ಅಟ್ಟದ ಏಣಿ ಇಳಿದ ಹಾಗೆ ಸೇತುವೆಗೆ ಮುಖ ಮಾಡಿ, ಹಿಂದೆ ಹಿಂದೆ ಇಳಿಯಿರಿ. ಮಂಡಿನೋವಿನವರು ಹತ್ತದಿದ್ದರೆ ಕಳಕೊಳ್ಳುವುದು ಏನೂ ಇಲ್ಲ, ಮೇಲಿನಿಂದ ಕಾಣುವುದು ಕೆಳಗೆ ಸರದಿ ಕಾಯುವವರ ತಲೆ. ನಮ್ಮ ಲೆಕ್ಕದಲ್ಲಿ ಇಡೀ ತೋಟದಲ್ಲಿ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡದ್ದು ಈ ಸಂಕವೇ. ಹತ್ತಲೇಬೇಕಿದ್ದವರು ಒಂಬತ್ತೂ ಐದಕ್ಕೆ ಹತ್ತಿ ಮುಗಿಸಲಿ.

ಆಮೇಲೆ ಚಾ ಮನೆಯ ಕಡೆ ತಿರುಗದೆ ನೇರ ಪಗೋಡದ ದಿಕ್ಕಿಗೆ ನಡೆಯಿರಿ. ಐದು ಅಂತಸ್ತಿನ ಆ ಕೆಂಪು ಪಗೋಡ 1915ರ ಪನಾಮ–ಪೆಸಿಫಿಕ್ ವಸ್ತುಪ್ರದರ್ಶನಕ್ಕೆಂದು ಕಟ್ಟಿದ್ದು, ಆಮೇಲೆ ಇಲ್ಲಿಗೆ ಬಂತು. ತೋಟವೇ ಮೊದಲಿಗೆ 1894ರ ಮಿಡ್‌ವಿಂಟರ್ ಪ್ರದರ್ಶನದ ‘ಜಪಾನಿ ಹಳ್ಳಿ’. ಶಾಸ್ತ್ರೋಕ್ತ ಚಾ ತೋಟದಲ್ಲಿ ಕಣ್ಣು ಸೆಳೆಯುವ ವಸ್ತು ಕಡಿಮೆ. ಇಲ್ಲಿ ಪಗೋಡ, ಬುದ್ಧ, ಡೋಲಿನ ಸೇತುವೆ, ಕಲ್ಲುದೀಪ ಎಲ್ಲವೂ ಒತ್ತೊತ್ತಾಗಿ ನಿಂತಿರುವುದಕ್ಕೆ ಆ ಜಾತ್ರೆಯ ಹುಟ್ಟೇ ಕಾರಣ. ಕ್ಯೋಟೋ ನೋಡಿ ಬಂದವರಿಗೆ ಇದು ತುಸು ಗಿಜಿಗಿಜಿ ಎನಿಸಿದರೆ ಆಶ್ಚರ್ಯವಿಲ್ಲ.

ಪಗೋಡದ ಬಳಿಯ ಒಣ ತೋಟದ ಎದುರು ಹತ್ತು ನಿಮಿಷ ನಿಲ್ಲಬೇಕು. ನಾಗಾವೊ ಸಕುರಾಯಿ ರೂಪಿಸಿದ್ದು, 1953ರದ್ದು. ನೀರಿಲ್ಲ, ನಿಲ್ಲಿಸಿದ ಕಲ್ಲು ಜಲಪಾತ, ಬಿಳಿ ಜಲ್ಲಿ ಅದರ ಹೊಳೆ, ಜಲ್ಲಿಯಲ್ಲಿ ಹಲ್ಲುಗೋಲಿನಿಂದ ಎಳೆದ ಗೆರೆ ಅಲೆ. ನಡೆಯುತ್ತಾ ನೋಡಿದರೆ ಕಲ್ಲುರಾಶಿ, ಒಂದೇ ಕಡೆ ನಿಂತರೆ ಮಾತ್ರ ಹೊಳೆ ಹರಿಯುತ್ತದೆ. ಮಕ್ಕಳ ಕೈ ಹಿಡಿದಿರಿ. ಜಲ್ಲಿಯೊಳಗೆ ಇಟ್ಟ ಒಂದು ಹೆಜ್ಜೆಯನ್ನು ಅಳಿಸಬೇಕಾದರೆ ಮತ್ತೆ ಹಲ್ಲುಗೋಲು ತರಬೇಕು.

ಇಳಿಜಾರಿನಲ್ಲಿರುವ ಗಿಡ್ಡ ಮರಗಳ ಮುಂದೆ ಹೆಚ್ಚಿನವರು ನಿಲ್ಲುವುದೇ ಇಲ್ಲ. ತೋಟದ ನಿಜವಾದ ಆಸ್ತಿ ಅವು. ಮಕೋತೊ ಹಗಿವಾರ ಎಂಬ ತೋಟಗಾರ ಒಂದು ಎಕರೆಯಷ್ಟಿದ್ದ ಪ್ರದರ್ಶನದ ಜಾಗವನ್ನು ಐದು ಎಕರೆಗೆ ಬೆಳೆಸಿದರು, ನಡುವೆ ಕೆಲವು ವರ್ಷ ಬಿಟ್ಟರೆ 1925ರಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡರು. ಮನೆಯವರು ತೋಟದೊಳಗೇ ವಾಸವಿದ್ದರು. 1942ರಲ್ಲಿ, ಜಪಾನಿನ ಜೊತೆಗಿನ ಯುದ್ಧದ ನಡುವೆ, ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಕ್ಕೆ ಅಟ್ಟಿದಾಗ ಈ ಕುಟುಂಬವೂ ಹೊರಬಿತ್ತು. ಅವರ ಮನೆ ಕೆಡವಿದರು, ತೋಟಕ್ಕೆ ‘ಓರಿಯೆಂಟಲ್ ಟೀ ಗಾರ್ಡನ್’ ಎಂದು ಹೆಸರು ಬದಲಿಸಿದರು. ಹಳೆಯ ಹೆಸರು ಬಂದದ್ದು 1952ರಲ್ಲಿ, ಕುಟುಂಬ ಮರಳಿ ಬರಲಿಲ್ಲ. ಅವರ ಗಿಡ್ಡ ಮರಗಳು ಬೇರೊಬ್ಬರ ಮನೆಯಂಗಳದಲ್ಲಿ ಬದುಕಿ, ಆ ಮನೆಯವರ ಉಯಿಲಿನ ಮೂಲಕ 1960ರ ದಶಕದಲ್ಲಿ ತೋಟಕ್ಕೆ ತಿರುಗಿ ಬಂದವು. ಮರದ ತುದಿ ನೋಡಬೇಡಿ, ಬುಡ ನೋಡಿ: ಕಾಂಡದ ತಿರುವು, ಬೇರು ಮಣ್ಣು ಹಿಡಿದ ಬಗೆ, ಸವರಿ ಒಣಗಿದ ಹಳೆಯ ಗಾಯದ ಗಂಟು. ಎಷ್ಟು ಕೈ ಆಡಿದೆ ಎನ್ನುವುದು ಅಲ್ಲಿ ತಿಳಿಯುತ್ತದೆ. ಹಗಿವಾರ ಕುಟುಂಬದ ನೆನಪಿಗೆ ಕಲಾವಿದೆ ರೂತ್ ಅಸಾವ 1974ರಲ್ಲಿ ಮಾಡಿದ ಕಂಚಿನ ಫಲಕ ಮುಖ್ಯ ದ್ವಾರದ ಹತ್ತಿರ ಇದೆ. ನುಗ್ಗುವ ಭರದಲ್ಲಿ ಕಾಣುವುದಿಲ್ಲ, ಹೊರಬರುವಾಗ ಹುಡುಕಿ.

ಕಂಚಿನ ಬುದ್ಧ 1790ರಲ್ಲಿ ಜಪಾನಿನಲ್ಲಿ ಎರಕ ಹೊಯ್ದದ್ದು, ಇಲ್ಲಿಗೆ ಬಂದದ್ದು 1949ರಲ್ಲಿ. ಬಿಸಿಲು ಮಳೆಗೆ ಸೂರಿಲ್ಲದೆ ಕೂತವನು ಎಂಬ ಅರ್ಥದ ಹೆಸರು ಅವನದು. 1953ರಲ್ಲಿ ಜಪಾನಿನ ಮಕ್ಕಳು ಕೂಡಿಸಿದ ಹಣದಿಂದ ಬಂದ ಶಾಂತಿ ದೀಪ 9000 ಪೌಂಡು, ನಾಲ್ಕು ಟನ್ನಿಗೂ ಮಿಕ್ಕಿ ತೂಗುತ್ತದೆ.

ಪಾಚಿಯ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಯ ಪಾಚಿಯನ್ನು ಗುಡಿಸಿ ಬಿಸಾಡುವ ನಮಗೆ, ಅದನ್ನು ನೀರು ಕೊಟ್ಟು, ಎಲೆ ಹೆಕ್ಕಿ ಸಾಕುವುದು ವಿಚಿತ್ರ ಕಾಣಬಹುದು. ಜಾರುವ ಗುಣವೊಂದು ಎರಡೂ ಕಡೆ ಸಮ. ನಡೆಗಲ್ಲುಗಳನ್ನು ಬೇಕೆಂದೇ ಏರುತಗ್ಗಾಗಿ ಇಟ್ಟಿರುತ್ತಾರೆ, ಕಣ್ಣು ಕೆಳಗಿರಲಿ, ನಡೆ ನಿಧಾನವಾಗಲಿ ಎಂದು. ಗಾಲಿಕುರ್ಚಿಗೂ ಮಗುವಿನ ತಳ್ಳುಗಾಡಿಗೂ ಎಲ್ಲ ದಾರಿಯೂ ಆಗದು. ಮೆಟ್ಟಿಲಿಲ್ಲದ ದಾರಿ ಯಾವುದೆಂದು ಟಿಕೆಟ್ ಕಿಂಡಿಯಲ್ಲೇ ಕೇಳಿಕೊಂಡರೆ ಅರ್ಧದಿಂದ ತಿರುಗಿ ಬರುವುದು ತಪ್ಪುತ್ತದೆ.

ಇಷ್ಟಾದ ಮೇಲೆ ಚಾ. ಕೊಳದ ಅಂಚಿನ ಚಾ ಮನೆ ನಮ್ಮ ಚಾವಡಿಯಂತೆ ಬದಿ ತೆರೆದಿದೆ. ಗಾಳಿ ನೇರ ಬರುತ್ತದೆ, ಸ್ವೆಟರಿನ ಮಾತು ಹೇಳಿದ್ದು ಇದಕ್ಕೂ ಸೇರಿಸಿ. ಬೆಲೆಯನ್ನು ರೂಪಾಯಿಗೆ ಗುಣಿಸಲು ಹೋಗಬೇಡಿ, ಬಾಯಿಗೆ ರುಚಿ ಹತ್ತುವುದಿಲ್ಲ. ಹಾಲು, ಸಕ್ಕರೆ ಕೇಳಬಾರದು ಎಂದೇನಿಲ್ಲ, ಆದರೆ ಹಾಕಿದರೆ ಕೆಡುತ್ತದೆ. ನಮ್ಮ ಚಾ ಹುಡಿ ಎಲೆಯನ್ನು ಗಾಳಿಗೆ ಒಡ್ಡಿ ಕಪ್ಪಾಗಿಸಿದ್ದು, ಕುದಿತ, ಹಾಲು ಎರಡನ್ನೂ ತಾಳುತ್ತದೆ. ಜಪಾನಿನ ಹಸಿರು ಚಾ ಕೊಯ್ದ ಕೂಡಲೇ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು. 70ರಿಂದ 80 ಡಿಗ್ರಿ ನೀರಿನಲ್ಲಿ ಒಂದೆರಡು ನಿಮಿಷಕ್ಕೆ ಸಿಹಿ ಬಿಡುತ್ತದೆ, ಕುದಿಯುವ ನೀರಿನಲ್ಲಾದರೆ ಒಗರು, ಕಹಿ. ಕುಡಿಕೆಯಲ್ಲಿ ಎಲೆಯ ಮೇಲೆ ನೀರು ನಿಲ್ಲಿಸಿ ಹರಟೆಗೆ ಕೂತರೆ ಎರಡನೇ ಲೋಟ ಕಷಾಯವೇ. ಒಂದೇ ಸಲ ಎಲ್ಲರ ಲೋಟಕ್ಕೂ ಸ್ವಲ್ಪ ಸ್ವಲ್ಪ ಹಂಚಿ, ಕೊನೆಯ ಹನಿಯವರೆಗೂ ಬಗ್ಗಿಸಿ.

ಮೊದಲ ಸಲದವರಿಗೆ ಗೆನ್ಮಾಯಿಚಾ ಹೇಳಿ. ಹುರಿದ ಅಕ್ಕಿ ಬೆರೆಸಿದ್ದು, ಅಕ್ಕಿ ಹುರಿಯುವಾಗ ಅಡುಗೆಮನೆ ತುಂಬುವ ಘಮವೇ ಲೋಟದಿಂದ ಏಳುತ್ತದೆ. ಎಲೆಯನ್ನೇ ಹುರಿದ ಹೋಜಿಚಾ ಕೂಡ ನಮ್ಮ ನಾಲಗೆಗೆ ಹತ್ತಿರ, ಕೆಫೀನ್ ಕಡಿಮೆ. ಏನೂ ಬೆರೆಸದ, ಹುರಿಯದ ಹಸಿರು ಚಾ ಸೆಂಚಾ ಅವೆರಡರ ನಂತರ. ಮಚ್ಚಾವನ್ನು ಖಾಲಿ ಹೊಟ್ಟೆಯಲ್ಲಿ ಬೇಡ. ಎಲೆಯ ಹುಡಿಯನ್ನೇ ಕುಡಿಯುವುದರಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ.

ತಿನ್ನುವ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ. ಮಿಸೊ ಸಾರು, ಉಡಾನ್ ಶಾವಿಗೆ ಎರಡರಲ್ಲೂ ಮೀನಿನ ತುಂಡು ಕಾಣದು, ಆದರೆ ಆ ಸಾರುಗಳ ಮೂಲ ‘ದಾಶಿ’ ಸಾಮಾನ್ಯವಾಗಿ ಹೊಗೆ ಹಾಕಿ ಒಣಗಿಸಿದ ಮೀನಿನ ಚೂರಿನಿಂದ ಇಳಿಸಿದ್ದು. “ವೆಜಿಟೇರಿಯನ್ನಾ?” ಎಂದು ಕೇಳಿದರೆ ಹೌದೆಂದು ಬಿಡಬಹುದು, “ದಾಶಿಗೆ ಮೀನು ಹಾಕಿದ್ದೀರಾ?” ಎಂದೇ ಕೇಳಬೇಕು. ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕೋಡು ಧೈರ್ಯವಾಗಿ ತಿನ್ನಬಹುದು, ಸಿಪ್ಪೆ ಬಿಟ್ಟು ಕಾಳು ಮಾತ್ರ. ಮೋಚಿ ಎಂದರೆ ಅಂಟು ಅಕ್ಕಿಯ ಉಂಡೆ, ಒಳಗೆ ಅಲಸಂಡೆಯ ಬಳಗದ ಕೆಂಪು ಕಾಳಿನ ಸಿಹಿ ಹೂರಣ. ಸುಕ್ಕಿನುಂಡೆ ಬಲ್ಲವರಿಗೆ ಹೊಸದೇನಲ್ಲ. ಕಟ್ಟಿದ ಹಲ್ಲಿನವರು ಚಿಕ್ಕ ಚಿಕ್ಕ ತುತ್ತು ಮಾಡಬೇಕು, ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಒಳಗೆ ಭವಿಷ್ಯದ ಚೀಟಿ ಇಟ್ಟ ಫಾರ್ಚ್ಯೂನ್ ಕುಕೀಯನ್ನು ಅಮೆರಿಕದಲ್ಲಿ ಮೊದಲು ಹಂಚಿದವರು ಹಗಿವಾರ ಎನ್ನುತ್ತಾರೆ, ಅದು ತಮ್ಮದೆಂದು ಬೇರೆಯವರೂ ವಾದಿಸಿದ್ದಾರೆ. ರುಚಿ ಐಸ್‌ಕ್ರೀಮ್ ಕೋನಿನದು, ಹಿಟ್ಟಿಗೆ ಮೊಟ್ಟೆಯ ಬಿಳಿ ಹಾಕುವುದು ವಾಡಿಕೆ.

ಒಟ್ಟು ಒಂದೂವರೆ ಗಂಟೆ ಸಾಕು. ದೊಡ್ಡ ಊರಿನ ಗದ್ದಲವೇ ಬೇಡ, ಮಗನಿಗೆ ರಜೆಯೂ ಇಲ್ಲ ಎನ್ನುವವರಿಗೆ ದಕ್ಷಿಣದಲ್ಲೇ ಎರಡು ಜಪಾನಿ ತೋಟಗಳಿವೆ. ಸಾರಾಟೋಗದ ಹಾಕೋನೆ ಗುಡ್ಡದ ಮೈಯಲ್ಲಿದೆ, ಜನ ಕಡಿಮೆ, ಮೆಟ್ಟಿಲು ಹೆಚ್ಚು. ಸಾನ್ ಹೋಸೆಯ ಕೆಲ್ಲಿ ಪಾರ್ಕಿನ ಸ್ನೇಹ ತೋಟ 1965ರದ್ದು, ಜಪಾನಿನ ಓಕಾಯಾಮ ಊರಿನ ಕೊರಾಕುಎನ್ ತೋಟದ ಮಾದರಿಯದು. ಅದೇ ಮಾದರಿಯಲ್ಲಿ ಕಟ್ಟಿದ ಇನ್ನೊಂದು ತೋಟ ಪುಣೆಯ ಸಿಂಹಗಡ ರಸ್ತೆಯಲ್ಲಿದೆ. ಅದಕ್ಕೆ ವೀಸಾ ಬೇಡ, ಕಾಸರಗೋಡಿನಿಂದ ರೈಲು ಸಾಕು.